ಘಟ್ಟದ ರಸ್ತೆಗೆ ಐದು ವ್ಯಾಟಿನ ದನಿ: ಪ್ರಸಾರ ಸಚಿವಾಲಯಕ್ಕೆ ಬಹಿರಂಗ ಪತ್ರ

ಗೆ,
ಕಾರ್ಯದರ್ಶಿಗಳು, ಮಾಹಿತಿ ಮತ್ತು ಪ್ರಸಾರ ಸಚಿವಾಲಯ, ನವದೆಹಲಿ
ವೈರ್‌ಲೆಸ್ ಸಲಹೆಗಾರರು, ದೂರಸಂಪರ್ಕ ಇಲಾಖೆ, ನವದೆಹಲಿ

ವಿಷಯ: ಹೆದ್ದಾರಿ ಬದಿಯ ಕಡಿಮೆ ಶಕ್ತಿಯ ಪ್ರಯಾಣಿಕ ಮಾಹಿತಿ ಬಾನುಲಿಗೆ ಪ್ರತ್ಯೇಕ ಪರವಾನಗಿ ಮತ್ತು ನಿಯಮ

ಮಾನ್ಯರೇ,

ಮಂಗಳೂರಿನಿಂದ ಬೆಂಗಳೂರಿಗೆ ಹೊರಟ ಗಾಡಿ ಬಿ.ಸಿ.ರೋಡ್ ತಲುಪಿದಾಗ ಚಾಲಕನ ಕೈಯಲ್ಲಿ ಇನ್ನೂ ಆಯ್ಕೆ ಇರುತ್ತದೆ. ಎಡಕ್ಕೆ ತಿರುಗಿದರೆ ಬೆಳ್ತಂಗಡಿ, ಉಜಿರೆ, ಚಾರ್ಮಾಡಿ. ನೇರ ಹೋದರೆ ಮಾಣಿ. ಅಲ್ಲಿ ಬಲಕ್ಕೆ ಹೊರಳಿದರೆ ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ. ಅದನ್ನೂ ಬಿಟ್ಟು ಮುಂದಕ್ಕೆ ಹೋದರೆ ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ, ಶಿರಾಡಿ. ಗುಂಡ್ಯದಲ್ಲಿ ಸುಬ್ರಹ್ಮಣ್ಯ, ಬಿಸ್ಲೆ ಕಡೆಗೆ ಒಂದು ದಾರಿ ಉಂಟು, ಆದರೆ ದೊಡ್ಡ ಲಾರಿಗೆ ಅದು ದಾರಿಯಲ್ಲ. ಘಟ್ಟ ಬಂದ್ ಆಗಿದೆ ಎಂಬ ಸುದ್ದಿ ಗುಂಡ್ಯದ ಬ್ಯಾರಿಕೇಡಿನ ಎದುರು ಸಿಕ್ಕರೆ ಅದರಿಂದ ಯಾರಿಗೂ ಉಪಕಾರವಿಲ್ಲ. ಅದೇ ಸುದ್ದಿ ಬಿ.ಸಿ.ರೋಡಿನಲ್ಲಿ ಸಿಕ್ಕರೆ ಗಾಡಿ ತಿರುಗುತ್ತದೆ, ಇಲ್ಲವೇ ಅಲ್ಲೇ ನಿಲ್ಲುತ್ತದೆ.

2018ರ ಆಗಸ್ಟಿನಲ್ಲಿ ಶಿರಾಡಿಯಲ್ಲೂ ಮಡಿಕೇರಿ–ಸಂಪಾಜೆ ರಸ್ತೆಯಲ್ಲೂ ಗುಡ್ಡ ಜರಿಯಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದು ತಿಂಗಳುಗಟ್ಟಲೆ ಸಂಚಾರ ನಿಂತಿತು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದು ಜೀವಗಳೇ ಹೋದವು. ಪ್ರತಿ ಮಳೆಗಾಲದಲ್ಲೂ ಇದೇ ದೃಶ್ಯ: ಘಟ್ಟದ ಬುಡದಲ್ಲಿ ಲಾರಿಗಳ ಸಾಲು, ಹಿಂದೆ ತೆಗೆಯಲಾಗದ ಟ್ರೇಲರ್, ಬಸ್ಸಿನೊಳಗೆ ನೀರಿಗೂ ಪರದಾಡುವ ಮಕ್ಕಳು, ವಾಟ್ಸಾಪಿನಲ್ಲಿ ಹೋದ ವರ್ಷದ ಕುಸಿತದ ವಿಡಿಯೊ. ಗುಡ್ಡ ಬೀಳುವುದನ್ನು ಬಾನುಲಿ ತಡೆಯಲಾರದು. ಆದರೆ ಬಿದ್ದ ಸುದ್ದಿಯನ್ನು, ಸುರಕ್ಷಿತ ದಾರಿ ಹಿಡಿಯಲು ಇನ್ನೂ ಅವಕಾಶವಿರುವ ತಿರುವಿನಲ್ಲೇ ಚಾಲಕನ ಕಿವಿಗೆ ಮುಟ್ಟಿಸಬಲ್ಲದು.

ಇದಕ್ಕೆ ಬೇಕಾದ ಯಂತ್ರ ಚಿಕ್ಕದು. ಐದು ವ್ಯಾಟಿನ ಎಫ್‌ಎಂ ಟ್ರಾನ್ಸ್‌ಮಿಟರ್, ಒಂದೂವರೆ ಮೀಟರ್ ಉದ್ದದ ಲಂಬ ಡೈಪೋಲ್ ಆಂಟೆನಾ, ಹದಿನೈದು ಮೀಟರ್ ದಾಟದ ಕಂಬ, ದೂರದಿಂದ ಸಂದೇಶ ಬದಲಿಸಲು ಒಂದು ಮೋಡೆಮ್, ಬ್ಯಾಟರಿ, ಮತ್ತು ರಸ್ತೆ ಬದಿಯಲ್ಲಿ ಮಿನುಗುವ ದೀಪವಿರುವ ಫಲಕ. ತೊಡಕು ಇರುವುದು ಕಾಗದದಲ್ಲಿ. ಆಕಾಶವಾಣಿ, ಹರಾಜಿನ ಖಾಸಗಿ ಎಫ್‌ಎಂ, ಸಮುದಾಯ ಬಾನುಲಿ: ನಮ್ಮಲ್ಲಿರುವ ಈ ಮೂರು ದಾರಿಗಳಲ್ಲಿ ಯಾವುದೂ ಲೋಕೋಪಯೋಗಿ ಇಲಾಖೆಗೋ ಜಿಲ್ಲಾಡಳಿತಕ್ಕೋ ಹೊಂದುವುದಿಲ್ಲ. ಸಮುದಾಯ ಬಾನುಲಿ ಶಿಕ್ಷಣ ಸಂಸ್ಥೆ, ಕೃಷಿ ವಿಜ್ಞಾನ ಕೇಂದ್ರ ಮತ್ತು ಲಾಭರಹಿತ ಸಂಸ್ಥೆಗಳಿಗೆಂದು ಇರುವುದು. ಅದರ 100 ವ್ಯಾಟ್ ಮಿತಿಯೂ ಊರಿನ ಕಾರ್ಯಕ್ರಮದ ಷರತ್ತೂ ಒಂದು ನಿಮಿಷದ ರಸ್ತೆ ಸಂದೇಶಕ್ಕೆ ಬೇಕಿಲ್ಲ. ಖಾಸಗಿ ಎಫ್‌ಎಂನ ಮೂರನೇ ಹಂತದ ನೀತಿ ಸಂಚಾರ ಮತ್ತು ಹವಾಮಾನದ ಮಾಹಿತಿಯನ್ನು ‘ಸುದ್ದಿ’ಯ ನಿರ್ಬಂಧದಿಂದ ಹೊರಗಿಟ್ಟಿದೆ, ಅಂದರೆ ತತ್ವದಲ್ಲಿ ಸರ್ಕಾರಕ್ಕೆ ಇದರ ಬಗ್ಗೆ ತಕರಾರಿಲ್ಲ. 2022ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಕಡಿಮೆ ಶಕ್ತಿಯ, ಕಿರು ವ್ಯಾಪ್ತಿಯ ಎಫ್‌ಎಂ ಬಗ್ಗೆ ಸಮಾಲೋಚನಾ ಪತ್ರವನ್ನೂ ಹೊರಡಿಸಿತು. ಆ ಚರ್ಚೆಯ ಮೂಲ ಡ್ರೈವ್-ಇನ್ ಚಿತ್ರಮಂದಿರದಂಥ ಬಳಕೆ. ಕಾರಿನಲ್ಲಿ ಕೂತು ಸಿನಿಮಾ ನೋಡುವವರಿಗೆ ಒಂದು ವರ್ಗವನ್ನು ಯೋಚಿಸಬಹುದಾದರೆ ಘಟ್ಟ ಹತ್ತುವವರಿಗೂ ಯೋಚಿಸಬೇಕು ಎಂದು ಕೇಳುವುದು ಅತಿಯಾಗದು.

ಇಂಥ ನಿಯಮವನ್ನು ಮೊದಲಿನಿಂದ ಕಟ್ಟಬೇಕಾಗಿಲ್ಲ. ಅಮೆರಿಕದ ಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ 1977ರಲ್ಲೇ ‘ಟ್ರಾವೆಲರ್ಸ್ ಇನ್ಫರ್ಮೇಷನ್ ಸ್ಟೇಷನ್’ (ಪ್ರಯಾಣಿಕ ಮಾಹಿತಿ ಕೇಂದ್ರ) ಎಂಬ ವರ್ಗವನ್ನು ಮಾಡಿತು. ಮೊದಲು 530 ಮತ್ತು 1610 ಕಿಲೋಹರ್ಟ್ಸ್ ಎಂಬ ಎರಡೇ ಮೀಡಿಯಂ ವೇವ್ ಜಾಗಗಳಿದ್ದವು, ಆಮೇಲೆ ಇಡೀ ಪಟ್ಟಿ ತೆರೆಯಿತು. ಪರವಾನಗಿ ಸರ್ಕಾರಿ ಸಂಸ್ಥೆಗಳಿಗೂ ಉದ್ಯಾನ ಪ್ರಾಧಿಕಾರಗಳಿಗೂ ಮಾತ್ರ. ಕಂಬದ ಆಂಟೆನಾಕ್ಕೆ 10 ವ್ಯಾಟ್ ಮಿತಿ, ಎತ್ತರ 15 ಮೀಟರ್, 1.5 ಕಿಲೋಮೀಟರ್ ದೂರದಲ್ಲಿ ಸಂಕೇತದ ಬಲ ಮೀಟರಿಗೆ 2 ಮಿಲಿವೋಲ್ಟ್ ದಾಟುವಂತಿಲ್ಲ. ರಸ್ತೆಯುದ್ದಕ್ಕೂ ಸಂಕೇತ ಸೋರುವ ಕೇಬಲ್ ಹಾಕಿದರೆ 50 ವ್ಯಾಟ್, ಕೇಬಲಿನ ಉದ್ದ 3 ಕಿಲೋಮೀಟರಿನೊಳಗೆ, ಅದೇ 2 ಮಿಲಿವೋಲ್ಟ್ ಮಿತಿ 60 ಮೀಟರ್ ದೂರದಲ್ಲಿ. ಜಾಹೀರಾತಿಲ್ಲ. ಅಂಗಡಿ, ಹೋಟೆಲಿನ ಹೆಸರು ಹೇಳುವಂತಿಲ್ಲ; ನಿಲ್ದಾಣಗಳಲ್ಲಿ ವಿಮಾನ, ರೈಲು, ಬಸ್ ಕಂಪನಿಯ ಹೆಸರಿಗಷ್ಟೇ ವಿನಾಯಿತಿ. ದೊಡ್ಡ ಪ್ರಸಾರ ಕೇಂದ್ರಕ್ಕೆ ತೊಂದರೆ ಕೊಟ್ಟರೆ ಸರಿಯಬೇಕಾದ್ದು ಈ ಚಿಕ್ಕ ಕೇಂದ್ರವೇ. ಚಿಕ್ಕದನ್ನು ಚಿಕ್ಕದಾಗಿಯೇ ಇರಿಸುವ ನಿಯಮಗಳು ಇವು, ಹೆಚ್ಚುಕಡಿಮೆ ಹಾಗೆಯೇ ತೆಗೆದುಕೊಳ್ಳಬಹುದು.

ಆದರೆ ಅಲ್ಲಿನ ಎರಡು ತಪ್ಪುಗಳನ್ನು ನಾವು ತೆಗೆದುಕೊಳ್ಳಬಾರದು.

ಮೊದಲನೆಯದು ಧ್ವನಿಯದು. ಪಕ್ಕದ ಕೇಂದ್ರಗಳಿಗೆ ತೊಂದರೆಯಾದೀತೆಂಬ ಭಯದಿಂದ 3 ಕಿಲೋಹರ್ಟ್ಸ್ ಮೇಲಿನ ಧ್ವನಿಯನ್ನು ಕತ್ತರಿಸುವ ಫಿಲ್ಟರ್ ಕಡ್ಡಾಯ ಮಾಡಿದ್ದರು. ಮಾತಿನ ಸ್ವರಗಳು ಕೆಳಗಿನ ಕಂಪನದಲ್ಲಿರುತ್ತವೆ, ಸ, ಶ, ಫ ದಂಥ ಉಸಿರಿನ ವ್ಯಂಜನಗಳ ಗುರುತು ಬಹುಪಾಲು 3 ಕಿಲೋಹರ್ಟ್ಸ್‌ಗಿಂತ ಮೇಲೆ. ಅದನ್ನು ಕತ್ತರಿಸಿದರೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಎಂಜಿನ್ನಿನ ಗದ್ದಲದಲ್ಲಂತೂ ಊರಿನ ಹೆಸರೇ ಗೊತ್ತಾಗದು. ದಶಕಗಳ ದೂರಿನ ಬಳಿಕ 2015ರಲ್ಲಿ ಆ ಮಿತಿ 5 ಕಿಲೋಹರ್ಟ್ಸ್‌ಗೆ ಏರಿತು. ಅಷ್ಟು ಹೊತ್ತಿಗೆ ‘ಆ ರೇಡಿಯೊ ಅರ್ಥವಾಗುವುದಿಲ್ಲ’ ಎಂಬ ಹೆಸರು ಬಂದಾಗಿತ್ತು. ನಿಯಮವೇ ಉದ್ದೇಶದ ಕತ್ತು ಹಿಸುಕಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಮಗೆ ಗೊತ್ತಿಲ್ಲ.

ಎರಡನೆಯದು ಹಳಸಿದ ಸಂದೇಶ. ವ್ಯಾಟ್, ಎತ್ತರ, ಮಿಲಿವೋಲ್ಟ್ ಎಲ್ಲಕ್ಕೂ ಅಲ್ಲಿ ಅಳತೆಯಿದೆ. ನಿನ್ನೆಯ ಸಂದೇಶ ಇಂದೂ ತಿರುಗುತ್ತಿದ್ದರೆ ಏನು ಮಾಡಬೇಕೆಂಬುದಕ್ಕೆ ಅಂಥದೇ ಗಟ್ಟಿ ಅಳತೆಯಿಲ್ಲ. ಮುಗಿದುಹೋದ ಕಾಮಗಾರಿಯ ಬಗ್ಗೆ ಎಚ್ಚರಿಸುವ ಕೇಂದ್ರವನ್ನು ಚಾಲಕ ಎರಡು ಸಲ ಕೇಳುತ್ತಾನೆ, ಮೂರನೇ ಸಲ ಗುಂಡಿ ತಿರುಗಿಸುವುದಿಲ್ಲ. ಹಲವು ರಾಜ್ಯಗಳು ಈಚಿನ ವರ್ಷಗಳಲ್ಲಿ ಇಂಥ ಕೇಂದ್ರಗಳನ್ನು ಮುಚ್ಚಿವೆ. ಫೋನು ಬಂದದ್ದು ಒಂದು ಕಾರಣವಿರಬಹುದು, ಆದರೆ ಕೇಳುಗ ನಂಬಿಕೆ ಕಳೆದುಕೊಂಡ ಕೇಂದ್ರವನ್ನು ಉಳಿಸಿ ಎಂದು ಕೇಳುವವರೂ ಇರುವುದಿಲ್ಲ. ನಮ್ಮ ಮುಖ್ಯ ಬೇಡಿಕೆ ಇಲ್ಲಿಂದಲೇ ಹುಟ್ಟಿದ್ದು: ನಿಯಮ ತರಂಗವನ್ನಷ್ಟೇ ಅಲ್ಲ, ಸಂದೇಶದ ವಯಸ್ಸನ್ನೂ ಅಳೆಯಬೇಕು.

ಅಮೆರಿಕದ ಮೀಡಿಯಂ ವೇವ್ ದಾರಿ ನಮಗೆ ಬೇಡ. 1610 ಕಿಲೋಹರ್ಟ್ಸ್‌ನ ಆಂಟೆನಾಕ್ಕೆ ಬೇಕಾದ ಕಾಲು ತರಂಗದ ಉದ್ದವೇ 46 ಮೀಟರ್ ಮೀರುತ್ತದೆ. 15 ಮೀಟರಿನ ಕಂಬ ಅದಕ್ಕೆ ಗಿಡ್ಡ, ಅದರ ಕೊರತೆ ನೀಗಲು ಸುತ್ತ ತಾಮ್ರದ ತಂತಿಗಳನ್ನು ನೆಲದಲ್ಲಿ ಹೂಳಬೇಕು. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದೂ ಇಲ್ಲ. ಮೇಲಾಗಿ ಈಗಿನ ಎಷ್ಟೋ ಕಾರುಗಳಲ್ಲಿ ಮೀಡಿಯಂ ವೇವ್ ಇಲ್ಲವೇ ಇಲ್ಲ. ಎಫ್‌ಎಂ ಲಾರಿಯಲ್ಲೂ ಉಂಟು, ಆಟೊದಲ್ಲೂ ಉಂಟು. ಫೋನಿನ ಎಫ್‌ಎಂ ಅನ್ನು ನಿಷ್ಕ್ರಿಯ ಮಾಡಬೇಡಿ ಎಂದು ಕೇಂದ್ರ ಸರ್ಕಾರವೇ 2023ರಲ್ಲಿ ತಯಾರಕರಿಗೆ ಸೂಚಿಸಿದೆ.

ಎಫ್‌ಎಂ ಆದರೆ ಎಷ್ಟು ಶಕ್ತಿ ಸಾಕು? ಡೈಪೋಲಿನಿಂದ 1 ವ್ಯಾಟ್ ಹೊರಟರೆ, ಅಡ್ಡಿಯಿಲ್ಲದ 1 ಕಿಲೋಮೀಟರ್ ದೂರದಲ್ಲಿ ಮೀಟರಿಗೆ ಸುಮಾರು 7 ಮಿಲಿವೋಲ್ಟ್ ಸಿಗುತ್ತದೆ. ಹಳ್ಳಿಗಾಡಿನಲ್ಲಿ ಮೊನೊ (ಒಂದೇ ಧ್ವನಿವಾಹಿನಿಯ) ಪ್ರಸಾರ ನೆಟ್ಟಗೆ ಕೇಳಲು 0.25 ಮಿಲಿವೋಲ್ಟ್ ಸಾಕು. ತಿರುವು, ಮರ, ಧರೆ ಎಲ್ಲ ಸೇರಿ 20 ಡೆಸಿಬೆಲ್ ತಿಂದರೂ, ಅಂದರೆ ಹತ್ತನೇ ಒಂದು ಪಾಲು ಉಳಿದರೂ, 0.7 ಮಿಲಿವೋಲ್ಟ್ ಇರುತ್ತದೆ. 5 ವ್ಯಾಟಿಗೆ ಅದು ಎರಡು ಪಟ್ಟಿಗಿಂತ ಚೂರು ಹೆಚ್ಚು. ಹಾಗಾಗಿ 5 ವ್ಯಾಟೇ ಗರಿಷ್ಠ ಇರಲಿ, 25 ಕೊಡಿ ಎಂದು ನಾವು ಕೇಳುತ್ತಿಲ್ಲ. ಸ್ಟೀರಿಯೊಗೆ ಅನುಮತಿ ಬೇಡವೇ ಬೇಡ. ಮಾತಿಗೆ ಅದರಿಂದ ಲಾಭವಿಲ್ಲ, ಸಂಕೇತ ಕುಗ್ಗಿದಾಗ ಗೊರಗೊರ ಮಾತ್ರ ಹೆಚ್ಚು. ಗುಡ್ಡದ ಮರೆಯಲ್ಲಿ ದನಿ ಸತ್ತರೆ ವ್ಯಾಟ್ ಏರಿಸುವುದು ಪರಿಹಾರವಲ್ಲ, ಇನ್ನೊಂದು ಕಂಬ ನೆಡುವುದು ಪರಿಹಾರ.

ಎಲ್ಲ ಘಟ್ಟಗಳಿಗೂ ಒಂದೇ ಫ್ರೀಕ್ವೆನ್ಸಿ ಬೇಕು. ಆಕಾಶವಾಣಿ ಮಂಗಳೂರಿನ 100.3, ಹಾಸನದ 102.2, ಮಡಿಕೇರಿಯ 103.1 ಮೆಗಾಹರ್ಟ್ಸ್‌ಗಳಿಂದ ಕನಿಷ್ಠ 800 ಕಿಲೋಹರ್ಟ್ಸ್ ದೂರದಲ್ಲಿ, ಸಾಧ್ಯವಾದರೆ ಪಟ್ಟಿಯ ಕೆಳತುದಿಯಲ್ಲಿ ಒಂದನ್ನು ಕಾಯ್ದಿರಿಸಿದರೆ ಫಲಕವೂ ಒಂದೇ, ಚಾಲಕ ನೆನಪಿಡಬೇಕಾದ ಅಂಕಿಯೂ ಒಂದೇ. ಇಲ್ಲಿ ಒಂದು ಎಚ್ಚರ. ಒಂದೇ ಫ್ರೀಕ್ವೆನ್ಸಿಯ ಎರಡು ಎಫ್‌ಎಂ ಕೇಂದ್ರಗಳಲ್ಲಿ ಬಲವಾದದ್ದು ಮೆಲುವಾದದ್ದನ್ನು ಪೂರ್ತಿ ನುಂಗುತ್ತದೆ. ಎರಡೂ ಸಮಬಲವಾದ ಜಾಗದಲ್ಲಿ ಎರಡೂ ಹಾಳು, ಕರಕರ ಸದ್ದು. ಬೇರೆ ಬೇರೆ ಸಂದೇಶ ಬಿತ್ತರಿಸುವ ಕೇಂದ್ರಗಳ ನಡುವೆ ಏನೂ ಕೇಳದ ಕೆಲವು ಕಿಲೋಮೀಟರ್ ಖಾಲಿ ಬಿಡಬೇಕು, ಮತ್ತು ಆ ಕಲಸುವ ಜಾಗ ಯಾವ ಕವಲಿನ ಮೇಲೂ ಬೀಳಬಾರದು. ನಕ್ಷೆ ನೋಡಿ ತೀರ್ಮಾನಿಸುವ ಕೆಲಸವಲ್ಲ ಇದು. ಮೀಟರ್ ಹಿಡಿದು, ಮಳೆಯಲ್ಲೊಮ್ಮೆ ಬಿಸಿಲಲ್ಲೊಮ್ಮೆ, ರಸ್ತೆಯಲ್ಲಿ ಓಡಾಡಿಯೇ ಅಳೆಯಬೇಕು.

ಯಂತ್ರದ ಪ್ರಮಾಣೀಕರಣದಲ್ಲಿ ಸಡಿಲಿಕೆ ಬೇಡ ಎಂದು ನಾವೇ ಕೋರುತ್ತೇವೆ. ಅಗ್ಗದ ಆಮದು ಟ್ರಾನ್ಸ್‌ಮಿಟರುಗಳಲ್ಲಿ ಔಟ್‌ಪುಟ್ ಫಿಲ್ಟರ್ ಹೆಸರಿಗಷ್ಟೇ ಇರುತ್ತದೆ. ಎರಡನೇ ಹಾರ್ಮೋನಿಕ್, ಅಂದರೆ ಮೂಲದ ಎರಡು ಪಟ್ಟು ಫ್ರೀಕ್ವೆನ್ಸಿಯ ಬೇಡದ ಸಂಕೇತ, 176ರಿಂದ 216 ಮೆಗಾಹರ್ಟ್ಸ್‌ಗೆ ಹೋಗಿ ಬೀಳುತ್ತದೆ. ಅದಕ್ಕಿಂತ ಅಪಾಯ 108ರ ಮೇಲೆ ಸಿಡಿಯುವ ಕಳ್ಳ ಸಂಕೇತ, ಏಕೆಂದರೆ ಅಲ್ಲಿಂದಲೇ ವಿಮಾನ ಇಳಿಸುವ ಉಪಕರಣಗಳ ಪಟ್ಟಿ ಶುರು. ಬಿ.ಸಿ.ರೋಡಿನಲ್ಲಿ ಕಂಬ ನೆಡುವವರು ಮಂಗಳೂರಿನ ಬಜಪೆ ವಿಮಾನ ನಿಲ್ದಾಣ ಹತ್ತಿರವಿದೆ ಎಂಬುದನ್ನು ಮರೆಯುವಂತಿಲ್ಲ. ಇನ್ನೊಂದು ಸಣ್ಣ, ಆದರೆ ಎಲ್ಲರೂ ಎಡವುವ ಸಂಗತಿ: ಅಮೆರಿಕದ ಮಾರುಕಟ್ಟೆಗೆಂದು ಹೊಂದಿಸಿದ ಯಂತ್ರದ ಪ್ರೀ-ಎಂಫಸಿಸ್ (ಪ್ರಸಾರಕ್ಕೆ ಮುನ್ನ ಮೇಲಿನ ಕಂಪನದ ದನಿಯನ್ನು ಎತ್ತಿಕೊಡುವ ಹೊಂದಿಕೆ) 75 ಮೈಕ್ರೊಸೆಕೆಂಡ್ ಇರುತ್ತದೆ, ನಮ್ಮ ರೇಡಿಯೊಗಳದು 50. ಬದಲಿಸದಿದ್ದರೆ ದನಿ ಕೀರಲಾಗಿ ಕಿವಿಗೆ ಚುಚ್ಚುತ್ತದೆ. ಯಂತ್ರದೊಳಗಿನ ಜಂಪರ್ ಎಂಬ ಪುಟ್ಟ ಕೊಂಡಿಯನ್ನು ಬದಲಿಸುವ ಎರಡು ನಿಮಿಷದ ಕೆಲಸ, ಅದನ್ನು ತಪಾಸಣಾ ಪಟ್ಟಿಯಲ್ಲಿ ಸೇರಿಸಿ. ಡೀವಿಯೇಷನ್ (ದನಿಗೆ ತಕ್ಕಂತೆ ಫ್ರೀಕ್ವೆನ್ಸಿ ಅತ್ತಿತ್ತ ಸರಿಯುವ ಅಳತೆ) 75 ಕಿಲೋಹರ್ಟ್ಸ್ ಮೀರದಂತೆ ತಡೆಯುವ ಲಿಮಿಟರ್ ಕಡ್ಡಾಯವಾಗಲಿ.

ಸೋಲಾರ್ ಬಗ್ಗೆ ಒಂದು ಮಾತು, ಏಕೆಂದರೆ ಟೆಂಡರಿನಲ್ಲಿ ಅದನ್ನು ಬರೆಯುವುದು ಬಹಳ ಸುಲಭ. ಜೂನ್–ಜುಲೈನಲ್ಲಿ, ಅಂದರೆ ಕೇಂದ್ರ ನಿಜಕ್ಕೂ ಬೇಕಾದಾಗಲೇ, ಘಟ್ಟದಲ್ಲಿ ಬಿಸಿಲಿರುವುದಿಲ್ಲ. ಕರೆಂಟೂ ಮರ ಬಿದ್ದು ಹೋಗಿರುತ್ತದೆ. 5 ವ್ಯಾಟಿನ ಟ್ರಾನ್ಸ್‌ಮಿಟರ್ ಒಳಗೆ ಸುಮಾರು 20 ವ್ಯಾಟ್ ಎಳೆಯುತ್ತದೆ, ಮೋಡೆಮ್ ಮತ್ತು ಧ್ವನಿ ಪೆಟ್ಟಿಗೆಗೆ 10. ದಿನಕ್ಕೆ 720 ವ್ಯಾಟ್-ಗಂಟೆ. ನಾಲ್ಕು ದಿನಕ್ಕೆ 2,880. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು. ಲೆಕ್ಕ ಹಾಕಿದರೆ 12 ವೋಲ್ಟ್, 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿ ಮೂರು ಸಾಲದು, ನಾಲ್ಕು ಬೇಕು. ಒಂದೇ ಬ್ಯಾಟರಿ ಇಟ್ಟ ಕಂಬ ಎರಡನೇ ದಿನವೇ ಮೂಕವಾಗುತ್ತದೆ.

ಏಪ್ರಿಲ್–ಮೇ ಸಿಡಿಲಿಗೆ ಅರ್ಥಿಂಗ್ ಸರಿಯಿರಬೇಕು. ಬೇಸಿಗೆಯಲ್ಲಿ ಒಣಗಿದ ಮುರಕಲ್ಲಿನಲ್ಲಿ ಒಂದು ಪೈಪು ಹೊಡೆದರೆ ಸಾಲದು. ಬೆಂಟೊನೈಟ್ ಜೇಡಿ ತುಂಬಿದ ಎರಡು ಮೂರು ಗುಂಡಿಗಳನ್ನು ಪಟ್ಟಿಯಿಂದ ಜೋಡಿಸಿ, ಪ್ರತಿರೋಧ 5 ಓಮ್‌ಗಿಂತ ಕೆಳಗೆ ಬಂದಿದೆಯೇ ಎಂದು ಮೇ ತಿಂಗಳಲ್ಲಿ ಅಳೆಯಬೇಕು. ಮಳೆಯಲ್ಲಿ ಅಳೆದರೆ ಯಾವ ಗುಂಡಿಯೂ ಪಾಸಾಗುತ್ತದೆ. ಆಂಟೆನಾ ಕೇಬಲ್ ಪೆಟ್ಟಿಗೆಯೊಳಗೆ ಹೋಗುವ ಮುಂಚೆ ಕೆಳಕ್ಕೆ ಜೋತುಬಿದ್ದು ಮೇಲೇರುವ ಹಾಗೆ ಕೊಕ್ಕೆ ಬಿಡಬೇಕು, ಇಲ್ಲವಾದರೆ ನೀರು ಕೇಬಲ್ ಹಿಡಿದುಕೊಂಡೇ ಕನೆಕ್ಟರಿಗೆ ಬರುತ್ತದೆ. ಕನೆಕ್ಟರಿನೊಳಗೆ ನೀರಿಳಿದರೆ ಶಕ್ತಿ ಆಂಟೆನಾದಿಂದ ಹಿಂದಕ್ಕೆ ಬಡಿಯುತ್ತದೆ, ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ಔಟ್‌ಪುಟ್ ಇಳಿಸುತ್ತದೆ, ಕಚೇರಿಯ ಪರದೆಯಲ್ಲಿ ಮಾತ್ರ ‘ಚಾಲೂ’ ಎಂದೇ ಕಾಣುತ್ತದೆ. ಆದ್ದರಿಂದ ಹಿಮ್ಮುಖ ಶಕ್ತಿಯ ಅಳತೆ ದೂರದಿಂದಲೇ ಕಾಣುವ ವ್ಯವಸ್ಥೆ ಪರವಾನಗಿಯ ಷರತ್ತಾಗಿರಲಿ. ಪೆಟ್ಟಿಗೆಯ ತೂತುಗಳಿಗೆ ಸಣ್ಣ ಜಾಲರಿಯೂ ಬೇಕು. ಒಳಗಿನ ರಿಲೇ ಸ್ವಿಚ್ಚಿನ ಬಿಸುಪು ಇರುವೆಗೆ ತುಂಬ ಇಷ್ಟ.

ಈಗ ಸಂದೇಶ. ಕೇಂದ್ರದ ಎರಡೂ ಬದಿಗೆ ಒಂದೂವರೆ ಕಿಲೋಮೀಟರ್ ಕೇಳಿಸಿದರೆ ಒಟ್ಟು 3 ಕಿಲೋಮೀಟರ್. 60ರ ವೇಗದ ಕಾರಿಗೆ ಅದು 3 ನಿಮಿಷ, 30ರ ಲಾರಿಗೆ 6. ಸಂದೇಶ ಒಂದು ನಿಮಿಷ ಮೀರದಿದ್ದರೆ, ನಡುವೆ ಕಿವಿಗೊಟ್ಟವನಿಗೂ ಒಮ್ಮೆ ಪೂರ್ತಿ ಸಿಗುತ್ತದೆ. ಆ ನಿಮಿಷದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್‌ಗೆ ತಲಾ ಇಪ್ಪತ್ತು ಸೆಕೆಂಡು. ಹಾಗಾದರೆ ಕನ್ನಡಕ್ಕೆ ಹೆಚ್ಚೆಂದರೆ ಮೂವತ್ತು–ಮೂವತ್ತೈದು ಪದ. ಹೀಗೆ:

‘ಶಿರಾಡಿ ಘಟ್ಟದ ರಸ್ತೆ ಮಾಹಿತಿ. ಈಗಿನ ಸ್ಥಿತಿ ಬೆಳಿಗ್ಗೆ ಏಳು ಗಂಟೆಯದು. ಮಾರನಹಳ್ಳಿ ಬಳಿ ಗುಡ್ಡ ಜರಿದಿದೆ. ಲಾರಿಗಳು ಮುಂದೆ ಹೋಗುವಂತಿಲ್ಲ, ಬಿ.ಸಿ.ರೋಡಿನಲ್ಲೇ ನಿಲ್ಲಿಸಿ. ಕಾರು, ಬಸ್ಸು ಒಂದೇ ಬದಿಯಲ್ಲಿ ಹೋಗುತ್ತಿವೆ. ಮುಂದಿನ ಮಾಹಿತಿ ಎಂಟು ಗಂಟೆಗೆ.’

ಸ್ವಾಗತ ಭಾಷಣವಿಲ್ಲ, ಯಾರ ಹೆಸರೂ ಇಲ್ಲ, ಸಂಗೀತವಿಲ್ಲ. ಮೊದಲ ಸಾಲಿನ ಹಿಂದೆಯೇ ಸಮಯ ಬರುತ್ತದೆ, ಏಕೆಂದರೆ ಮಾತನ್ನು ನಂಬಬೇಕೋ ಬೇಡವೋ ಎಂದು ಚಾಲಕ ಅದರಿಂದಲೇ ನಿರ್ಧರಿಸುತ್ತಾನೆ. ಎಂಟು ಗಂಟೆಗೆ ಹೊಸ ಸಂದೇಶ ಬರಲಿಲ್ಲ ಎನ್ನೋಣ. ಯಂತ್ರ ಏಳರ ಮಾತನ್ನೇ ತಿರುಗಿಸುತ್ತಿರಬಾರದು. ಅವಧಿ ಮುಗಿದು 15 ನಿಮಿಷದೊಳಗೆ ಅದು ತಾನಾಗಿ ‘ಹೊಸ ಮಾಹಿತಿ ಬಂದಿಲ್ಲ, ಪೊಲೀಸರ ಸೂಚನೆ ಪಾಲಿಸಿ’ ಎಂಬ ಸ್ಥಿರ ಸಂದೇಶಕ್ಕೆ ಜಾರಬೇಕು, ಫಲಕದ ದೀಪ ಆರಬೇಕು, ಹೊಣೆ ಹೊತ್ತ ಅಧಿಕಾರಿಯ ಫೋನು ಬಡಿದುಕೊಳ್ಳಬೇಕು. ಇದಕ್ಕೆ ಬೇಕಾದ್ದು ಧ್ವನಿ ಪೆಟ್ಟಿಗೆಯೊಳಗೆ ಒಂದು ಟೈಮರ್ ಅಷ್ಟೇ. ಈ ಟೈಮರ್ ಇಲ್ಲದ ಕೇಂದ್ರಕ್ಕೆ ಪರವಾನಗಿಯನ್ನೇ ಕೊಡಬೇಡಿ.

ಫಲಕದ ಮೇಲೆ ‘ರಸ್ತೆ ಮಾಹಿತಿ’, ಫ್ರೀಕ್ವೆನ್ಸಿ, ‘ದೀಪ ಮಿನುಗಿದರೆ ಕೇಳಿ’ ಇಷ್ಟೇ ಸಾಕು. ಅದು ಕವಲಿಗಿಂತ ಕನಿಷ್ಠ ಒಂದು ಕಿಲೋಮೀಟರ್ ಮೊದಲೇ ಇರಬೇಕು. ಮೇಲಿನಿಂದ ಇಳಿಯುವವರಿಗೆ ಹಾಸನ, ಬೇಲೂರು, ಮೂಡಿಗೆರೆಗಳಲ್ಲಿ. ಸಕಲೇಶಪುರ ದಾಟಿದ ಮೇಲೆ ಹಾಕಿದ ಫಲಕದಿಂದ ಪ್ರಯೋಜನ ಕಡಿಮೆ. ಬಂಡೀಪುರಕ್ಕೂ ಇದೇ ಮಾತು: ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧವಿರುವುದು ಹೊರಗಿನ ಚಾಲಕರಿಗೆ ಚೆಕ್‌ಪೋಸ್ಟಿನಲ್ಲಲ್ಲ, ಗುಂಡ್ಲುಪೇಟೆಯಲ್ಲೇ ತಿಳಿಯಬೇಕು.

ಎಲ್ಲರ ಕೈಯಲ್ಲೂ ಫೋನಿದೆಯಲ್ಲ ಎಂಬ ಆಕ್ಷೇಪ ಬರುತ್ತದೆ. ಫೋನಿನ ಎಚ್ಚರಿಕೆ ಸಂದೇಶ ಒಳ್ಳೆಯದೇ, ಅದು ಮುಂದುವರಿಯಲಿ. ಆದರೆ ಘಟ್ಟದಲ್ಲಿ ಸಿಗ್ನಲ್ ಇಲ್ಲದ ಮೈಲುಗಳಿವೆ, ಕರೆಂಟು ಹೋದ ಕೆಲವು ಗಂಟೆಗಳಲ್ಲಿ ಟವರಿನ ಬ್ಯಾಟರಿಯೂ ಮುಗಿಯುತ್ತದೆ, ಓಡಿಸುವಾಗ ಫೋನು ಹಿಡಿಯುವುದು ಕಾನೂನಿನಲ್ಲೇ ಅಪರಾಧ. ಜಿಲ್ಲೆಯ ಎಲ್ಲ ಫೋನಿಗೂ ಹೋಗುವ ‘ಭಾರೀ ಮಳೆ’ ಎಂಬ ಸಂದೇಶ ಯಾವ ತಿರುವು ಮುಚ್ಚಿದೆ ಎಂದು ಹೇಳುವುದೂ ಇಲ್ಲ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಜಿಲ್ಲಾಡಳಿತ, ಹೆದ್ದಾರಿ ಪ್ರಾಧಿಕಾರ, ಲೋಕೋಪಯೋಗಿ, ಪೊಲೀಸ್, ಅರಣ್ಯ ಇಲಾಖೆ ಮತ್ತು ವಿಪತ್ತು ನಿರ್ವಹಣಾ ಪ್ರಾಧಿಕಾರಗಳಿಗೆ ಮಾತ್ರ ಸಿಗುವ ‘ರಸ್ತೆ ಮಾಹಿತಿ ಬಾನುಲಿ’ ಎಂಬ ಪ್ರತ್ಯೇಕ ವರ್ಗವನ್ನು ಮಾಡಿ. 5 ವ್ಯಾಟ್, 15 ಮೀಟರ್, ಮೊನೊ, ಕಾಯ್ದಿರಿಸಿದ ಒಂದೇ ಫ್ರೀಕ್ವೆನ್ಸಿ. ಜಾಹೀರಾತು, ವ್ಯಕ್ತಿಗಳ ಹೆಸರು, ಸಂಗೀತ ನಿಷಿದ್ಧ. ತರಂಗ ಶುಲ್ಕ ನಾಮಮಾತ್ರ. ಅರ್ಜಿಗೆ 60 ದಿನದೊಳಗೆ ಉತ್ತರ. ಕುಸಿತವಾದ ಸ್ಥಳದಲ್ಲಿ ಗಾಡಿಯ ಮೇಲೆ ತಂದಿಡುವ ತಾತ್ಕಾಲಿಕ ಕೇಂದ್ರಕ್ಕೆ 24 ಗಂಟೆಯೊಳಗೆ. ಯಾವಾಗ ಯಾವ ಸಂದೇಶ ಹೋಯಿತೆಂಬ ದಾಖಲೆ ಒಂದು ವರ್ಷ ಉಳಿಯಲಿ, ಸಾರ್ವಜನಿಕರು ಕೇಳಿದರೆ ಸಿಗಲಿ. ಎರಡು ಸಲ ಅವಧಿ ಮೀರಿದ ಸಂದೇಶ ಬಿತ್ತರಿಸಿದ ಕೇಂದ್ರಕ್ಕೆ ನೋಟಿಸು, ಮೂರನೆಯದಕ್ಕೆ ಪರವಾನಗಿ ಅಮಾನತು.

ಇಡೀ ದೇಶಕ್ಕೆ ಒಮ್ಮೆಗೇ ನಿಯಮ ಬರೆಯಲು ಹೊತ್ತು ಹಿಡಿಯುವುದಾದರೆ ಬಿ.ಸಿ.ರೋಡ್, ಮಾಣಿ, ಹಾಸನ, ಮೂಡಿಗೆರೆ ಈ ನಾಲ್ಕು ಕವಲುಗಳಲ್ಲಿ ಒಂದು ಮಳೆಗಾಲದ ಮಟ್ಟಿಗೆ ಪ್ರಾಯೋಗಿಕ ಅನುಮತಿ ಕೊಡಿ. ಅರ್ಥಿಂಗ್ ಅಳತೆ ಮೇ ತಿಂಗಳಲ್ಲೇ ಆಗಬೇಕಾದ್ದರಿಂದ ಆ ಆದೇಶ ಮಾರ್ಚ್ ಕೊನೆಯೊಳಗೆ ಕೈಸೇರಬೇಕು ಎಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬಾನುಲಿ ತಂತ್ರಜ್ಞರು ಮತ್ತು ಘಟ್ಟದ ರಸ್ತೆ ಬಳಕೆದಾರರು